ತಪ್ಪು ತೋರಿಸಬೇಡ ಎಂದ ಸಾಲು

ನಾನು ಒಂದು ಪುಟ್ಟ ಫೈಲು. ಹೆಸರು ಚುಕ್ಕೆಯಿಂದ ಶುರುವಾಗುವುದರಿಂದ ಫೋಲ್ಡರು ತೆರೆದವರ ಕಣ್ಣಿಗೆ ಸುಲಭವಾಗಿ ಬೀಳುವುದಿಲ್ಲ. ಬೆಳಗಾವಿಯ ಒಂದು ಫೌಂಡ್ರಿಯಲ್ಲಿ, ಅನ್ನಪೂರ್ಣಾ ಹಂಚಿನಮನಿ ಎಂಬ ಹುಡುಗಿಯ ಕೈಯಲ್ಲಿ ಹುಟ್ಟಿದೆ. ಎರಕದ ಪಂಪುಗಳ ಫೋಟೋ ನೋಡಿ ಬಿರುಕು ಹುಡುಕುವ ಪ್ರೋಗ್ರಾಮನ್ನು ಆಕೆ ಜಿಪಿಯು ಎಂಬ ವೇಗದ ಲೆಕ್ಕದ ಕಾರ್ಡಿಗಾಗಿ ಬರೆಯುತ್ತಿದ್ದಳು. ಬರೆಯುವಾಗಲೇ ತಪ್ಪು ತೋರಿಸಲು ಎಡಿಟರಿನಲ್ಲಿ ಲ್ಯಾಂಗ್ವೇಜ್ ಸರ್ವರ್ ಎಂಬುದೊಂದಿತ್ತು. ಪಾಪ, ಅದಕ್ಕೆ ಜಿಪಿಯುವಿನ ಮಾತು ತಿಳಿಯದು; ಸರಿಯಿದ್ದ ಸಾಲಿಗೂ ಕೆಂಪು ಗೆರೆ ಎಳೆಯುತ್ತಿತ್ತು. ಕಾರ್ಡು ಯಾವುದು, ಅದರ ಲೈಬ್ರರಿ ಫೈಲುಗಳು ಎಲ್ಲಿವೆ ಎಂದು ಅದಕ್ಕೆ ಹೇಳಿಕೊಡುವುದೇ ನನ್ನ ಕೆಲಸ. ಮೂರು ದಿನ ಒದ್ದಾಡಿ ನನ್ನನ್ನು ಬರೆದಳು. ಗೆರೆಗಳು ಹೋದವು.

ಪಕ್ಕದ ಮೇಜು ದುಂಡಪ್ಪ ಕಾಕಾನದು. ಇಪ್ಪತ್ತೆರಡು ವರ್ಷ ಪಂಪು ತಪಾಸಣೆ ಮಾಡಿದವರು, ಬಿರುಕು ನೋಡುವುದನ್ನು ಆಕೆಗೆ ಕಲಿಸಿದವರು. "ಯವ್ವಾ, ನಿನ್ನ ಡಬ್ಬಿ ಕಣ್ಣಿಗೆ ಮೊದಲ ಒಂದು ಚಾಳೀಸ ಹಾಕ್ಸು" ಎಂದು ನಗುತ್ತಿದ್ದರು.

ಅಷ್ಟರಲ್ಲಿ ಹೊಸ ಕಂಪ್ಯೂಟರ್ ಬಂತು. ಆಕೆ ನನ್ನನ್ನು ಹಾಗೇ ಅದಕ್ಕೆ ನಕಲು ಮಾಡಿದಳು. ನಾನೋ, ಲೈಬ್ರರಿಯ ಹಳೆಯ ವಿಳಾಸವನ್ನೇ ಹೇಳುತ್ತ ಕೂತೆ. ಪರದೆ ಮತ್ತೆ ಕೆಂಪಾಯಿತು.

"ಏನ್ರೀ ಇದು, ಮೈತುಂಬ ದಡಾರ ಎದ್ದಂಗ!" ಎಂದರು ಮ್ಯಾನೇಜರು. "ಮಾಲೀಕರು ಬರಾಕತ್ತಾರ, ಲಗೂನ ಸ್ವಚ್ಛ ಮಾಡ್ರಿ!"

ವಿಳಾಸ ತಿದ್ದುವಷ್ಟು ಪುರುಸೊತ್ತಿರಲಿಲ್ಲ. ಆಕೆ ನನ್ನ ಕೊನೆಗೊಂದು ಸಾಲು ಸೇರಿಸಿದಳು: ಯಾವ ತಪ್ಪನ್ನೂ ತೋರಿಸಬೇಡ. ಆಮೇಲೆ ತೆಗೆದರಾಯಿತು ಎಂದುಕೊಂಡಳು. ತೆಗೆಯಲಿಲ್ಲ.

ಅದೇ ವಾರ ಹೊಸದೊಂದು ಲೆಕ್ಕ ಬರೆಯುವಾಗ, ಮೊತ್ತವನ್ನು ಸೊನ್ನೆಯಿಂದ ಶುರುಮಾಡಲು ಮರೆತಳು. ಸರ್ವರ್ ಎಚ್ಚರಿಸಬೇಕಿತ್ತು; ನಾನು ಅದರ ಬಾಯಿ ಕಟ್ಟಿದ್ದೆ. ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಗೊಣಗಿದ್ದು ನೂರಾರು ಸಾಲುಗಳ ನಡುವೆ ಓಡಿಹೋಯಿತು. ಉಳಿದಿದ್ದ ಹಳೆಯ ಅಂಕಿ ಮೊತ್ತಕ್ಕೆ ಸೇರಿ, ಯಂತ್ರ ಒಳ್ಳೆಯ ಪಂಪಿಗೂ ಆಗೊಮ್ಮೆ ಈಗೊಮ್ಮೆ ಬಿರುಕು ಎನ್ನತೊಡಗಿತು. ಕಾಕಾ ಪಾಸು ಮಾಡಿದ್ದರಲ್ಲಿ ಒಂಬತ್ತನ್ನು ತಳ್ಳಿಹಾಕಿತು.

"ವಯಸ್ಸಾತು ಕಾಕಾ, ಕಣ್ಣು ಮಂಜಾಗ್ಯಾವ" ಎಂದು ಮ್ಯಾನೇಜರು ಅವರನ್ನು ಲೋಡಿಂಗಿಗೆ ಹಾಕಿದರು. ಕಾಕಾ ಮೇಜು ಬಿಟ್ಟು ಎದ್ದರು.

ಅನ್ನಪೂರ್ಣಾಳಿಗೆ ಮಾತ್ರ ಅನ್ನ ಸೇರಲಿಲ್ಲ. ಇಪ್ಪತ್ತು ದಿನ ಅಳುಕಿ, ಕೊನೆಗೆ ಆ ಒಂಬತ್ತನ್ನೂ ಕೊಯ್ಯಿಸಿ ನೋಡಿದಳು. ಒಂದರಲ್ಲೂ ಬಿರುಕಿಲ್ಲ. ಆಗ ನನ್ನನ್ನು ತೆರೆದಳು. ಸಾಲು ಅಳಿಸಿದಳು, ವಿಳಾಸ ತಿದ್ದಿದಳು. ಪರದೆಯ ಮೇಲೆ ಒಂದೇ ಒಂದು ಹಳದಿ ಗೆರೆ ಉಳಿಯಿತು, ಸೊನ್ನೆ ಮರೆತಿದ್ದ ಆ ಮೊತ್ತದ ಕೆಳಗೆ. ತಲೆ ಹಿಡಿದು ಕೂತಳು. ಆಮೇಲೆ ಎದ್ದು ಹೋಗಿ, ಮ್ಯಾನೇಜರ ಎದುರಿಗೇ ಕಾಕಾನನ್ನು ಕರೆತಂದಳು.

"ತಪ್ಪು ನಂದ, ಕಾಕಾ. ನಿಮ್ಮ ಕಣ್ಣು ಸರಿ ಅದಾವ."

"ಇರಬೌದು ಬಿಡವ್ವಾ. ಸರಿ ಇಲ್ಲಂತ ನಾನೂ ನಂಬಿಬಿಟ್ಟಿದ್ನಲ್ಲ."

ಈಗ ಆ ಕಂಪ್ಯೂಟರಿಗೂ ವಯಸ್ಸಾಗಿ ಮೂಲೆ ಸೇರಿದೆ. ಅದರೊಳಗೆ ನಾನಿದ್ದೇನೆ, ಯಾರೂ ತೆರೆಯುವುದಿಲ್ಲ. ಹೇಳಿದ್ದನ್ನು ಮಾಡುವ ಫೈಲು ನಾನು, ನನ್ನದೇನು ತಪ್ಪು ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ಸಮಾಧಾನವಾಗುವುದಿಲ್ಲ. ಆಚೆ, ತಪಾಸಣೆಯ ಮೇಜಿಗೆ ಮರಳಿದ ದುಂಡಪ್ಪ ಕಾಕಾ ಪಂಪು ನೋಡಿ ಕೆಳಗಿಡುತ್ತಾರೆ, ಮತ್ತೆ ಎತ್ತಿಕೊಳ್ಳುತ್ತಾರೆ. ಬೆಳಕಿಗೆ ಹಿಡಿದು ತಿರುಗಿಸುತ್ತಾರೆ. ಆಮೇಲೆ ಮೆಲ್ಲಗೆ ಕರೆಯುತ್ತಾರೆ:

"ಯವ್ವಾ ಅನ್ನಪೂರ್ಣಾ, ಒಂದೀಟು ನೀನೂ ನೋಡಬಾ."