ಬ್ಯಾಗಿನಲ್ಲಿದ್ದ ಮೈಲೇಜ್

ಆ ಡಬ್ಬಿ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ಸ್ಟೇರಿಂಗ್ ಕೆಳಗಿನ ಕಿಂಡಿಗೆ ಸಿಕ್ಕಿಸಿದರೆ ಕಾರು ಲೀಟರಿಗೆ ನಾಲ್ಕು ಕಿಲೋಮೀಟರ್ ಹೆಚ್ಚು ಓಡುತ್ತದಂತೆ. ನನ್ನ ಗಂಡ ರೇಣುಕಾಪ್ರಸಾದ್ ಅದರ ಏಜೆನ್ಸಿ ಹಿಡಿದಿದ್ದರು. ನಾನು ನಂಬಲಿಲ್ಲ.

"ಟೈರ್‌ಗೆ ಗಾಳಿ ಸರಿಯಾಗಿ ಹಾಕ್ಸಿ, ನಿಧಾನಕ್ಕೆ ಓಡ್ಸಿ. ಮೈಲೇಜ್ ಇರೋದು ಅಲ್ಲಿ" ಎಂದೆ.

"ಬಂದ್ರಪ್ಪ ಸೈನ್ಸ್ ಮೇಡಂ! ಹಂಗಾದ್ರೆ ನೀನೇ ಅಳೆದು ನೋಡೇ."

ಅಳೆದೆ. ಮನೆಯಿಂದ ಗುಬ್ಬಿಯ ಹೈಸ್ಕೂಲಿಗೆ ದಿನಾ ನಾನೇ ಕಾರು ಓಡಿಸಿಕೊಂಡು ಹೋಗುತ್ತೇನೆ. ಪ್ರತಿ ಸೋಮವಾರ ಒಂದೇ ಬಂಕಿನಲ್ಲಿ ಟ್ಯಾಂಕ್ ಪೂರ್ತಿ ತುಂಬಿಸಿ, ಓಡಿದ ಕಿಲೋಮೀಟರನ್ನು ಹಿಡಿದ ಲೀಟರಿನಿಂದ ಭಾಗಿಸಿದೆ. ಮೊದಲು ಹದಿನಾರು ಕೊಡುತ್ತಿದ್ದ ಕಾರು ಐದು ವಾರವೂ ಇಪ್ಪತ್ತರ ಮೇಲೆ ಕೊಟ್ಟಿತು. ಅನುಮಾನಪಟ್ಟಿದ್ದಕ್ಕೆ ನಾಚಿಕೆಯಾಯಿತು. ಸ್ಟಾಫ್ ರೂಮಿನಲ್ಲಿ ನಾನೇ ಬಾಯಿಬಿಟ್ಟು ಹೇಳಿದೆ.

"ಸುಮನಾ ಮೇಡಂ ಅಳೆದವ್ರೆ ಅಂದ್ರೆ ಮುಗೀತು. ನಂಗೊಂದು ಕೊಡ್ಸಿ" ಎಂದರು ಡ್ರಿಲ್ ಮೇಷ್ಟ್ರು ಪರಮಶಿವಯ್ಯ. ಕನ್ನಡ ಪಾಠ ಮಾಡುವ ದಾಕ್ಷಾಯಣಿಯೂ ಸೇರಿ ಏಳು ಜನ ಕೊಂಡರು.

ಆಮೇಲೆ ಒಂದು ವಾರ ತರಬೇತಿಗೆಂದು ಕುಣಿಗಲ್‌ಗೆ ಹೋಗಿ ತಂಗಿಯ ಮನೆಯಲ್ಲಿ ಉಳಿದೆ. ಭಾನುವಾರವೂ ಕಾರು ಅಲ್ಲೇ ಇತ್ತು. ಆ ವಾರ ಮತ್ತೆ ಹದಿನಾರು.

"ಆ ಕಡೆ ಹಂಪು ಜಾಸ್ತಿ ಕಣೇ" ಎಂದರು ಇವರು, ಟಿವಿಯಿಂದ ಕಣ್ಣು ತೆಗೆಯದೆ.

ಮುಂದಿನ ಸೋಮವಾರ ಟ್ಯಾಂಕ್ ತುಂಬಿಸಿದವಳೇ ಡಬ್ಬಿ ಕಿತ್ತು ಬ್ಯಾಗಿಗೆ ಹಾಕಿಕೊಂಡೆ. ಬಗ್ಗಿ ನೋಡದಿದ್ದರೆ ಗೊತ್ತಾಗದ ಜಾಗ ಅದು. ವಾರವಿಡೀ ಬಾಚಣಿಗೆ, ಬಿ.ಪಿ. ಮಾತ್ರೆಗಳ ಜೊತೆ ಬ್ಯಾಗಿನಲ್ಲೇ ಬಿದ್ದಿತ್ತು. ಮತ್ತೆ ಸೋಮವಾರ ಬಂತು. ಇಪ್ಪತ್ತು ಪಾಯಿಂಟ್ ಮೂರು.

ಬಂಕಿನಲ್ಲಿ ಹಿಂದೆ ನಿಂತಿದ್ದ ಆಟೋದವನು ಹಾರನ್ ಹೊಡೆಯುತ್ತಿದ್ದ. ನಾನು ಇನ್ನೊಮ್ಮೆ ಭಾಗಿಸಿ ನೋಡಿದೆ. ಮದುವೆಯಾಗಿ ಇಪ್ಪತ್ತೆರಡು ವರ್ಷ ಒಂದು ಬಕೆಟ್ ನೀರು ಎತ್ತದ ಮನುಷ್ಯ, ಎರಡು ತಿಂಗಳಿಂದ ಪ್ರತಿ ಭಾನುವಾರ ಬೆಳಿಗ್ಗೆ ನನ್ನ ಕಾರು ತೊಳೆಯುತ್ತಿದ್ದರು. ನಾನು ಅದನ್ನು ಅಕ್ಕರೆ ಎಂದುಕೊಂಡಿದ್ದೆ.

ಸಂಜೆ ಡಬ್ಬಿಯನ್ನು ಅವರ ಕಾಫಿ ಲೋಟದ ಪಕ್ಕ ಇಟ್ಟೆ.

"ಯಾವಾಗ ಕಿತ್ತೆ?"

"ಹೋದ ಸೋಮವಾರ."

ಅವರು ನಕ್ಕುಬಿಟ್ಟರು. "ವಾರಕ್ಕೆ ಎರಡೂವರೆ ಲೀಟರ್ ಪೆಟ್ರೋಲ್ ಅಷ್ಟೇ ಕಣೇ ಹಾಕ್ತಿದ್ದಿದ್ದು. ನೀನ್ ಒಪ್ಪಿದ್ರೆ ಊರೇ ಒಪ್ಪುತ್ತೆ ಅಂತ ನಂಗೊತ್ತಿತ್ತು." ಹೊಗಳಿಕೆಯ ಹಾಗೆ ಹೇಳಿದರು. ನನ್ನಲ್ಲಿ ಯಾವುದು ಗಟ್ಟಿಯೋ ಅದನ್ನೇ ಹುಡುಕಿ ಮಾರಿದ್ದರು. "ಸ್ಕೂಲಲ್ಲಿ ಕೇಳಿದ್ರೆ ಅಳೆಯೋದ್ರಲ್ಲಿ ಹೆಚ್ಚುಕಮ್ಮಿ ಆಯ್ತು ಅಂದ್ಬುಡು."

ಮರುದಿನ ಸ್ಟಾಫ್ ರೂಮಿನಲ್ಲಿ, "ಆ ಡಬ್ಬಿಯಿಂದ ಏನೂ ಆಗಲ್ಲ, ಎಲ್ರೂ ವಾಪಸ್ ಕೊಟ್ಬಿಡಿ" ಎಂದೆ.

"ಅಳತೆ ತಪ್ಪಾಯ್ತಾ ಮೇಡಂ? ಮಕ್ಕಳಿಗಾದ್ರೆ ಮಾರ್ಕ್ಸ್ ಕಟ್ ಮಾಡ್ತೀರಿ!" ಎಂದರು ಪರಮಶಿವಯ್ಯ. ಎಲ್ಲರೂ ನಕ್ಕರು.

ಹೌದು ಎಂದಿದ್ದರೆ ಸಾಕಿತ್ತು. ಮನೆಯ ಮಾನ ಉಳಿಯುತ್ತಿತ್ತು.

"ಅಳತೆ ಸರಿಯಾಗೇ ಇತ್ತು ಸರ್. ನಮ್ಮನೆಯವ್ರು ನಂಗೆ ಗೊತ್ತಾಗ್ದಂಗೆ ಪೆಟ್ರೋಲ್ ಸುರೀತಿದ್ರು."

ದಾಕ್ಷಾಯಣಿ ಎದ್ದು ಬಂದು ಪಕ್ಕದ ಕುರ್ಚಿಯಲ್ಲಿ ಕೂತಳು.

"ಮನೇಲಿ ಏನಂದ್ರಿ ಮೇಡಂ?" ಎಂದು ಮೆಲ್ಲಗೆ ಕೇಳಿದಳು.

"ಇನ್ನೂ ಏನೂ ಅಂದಿಲ್ಲ. ಇಲ್ಲಿ ಮೊದ್ಲು ಹೇಳ್ಬೇಕಿತ್ತು."