ಅಳತೆ ತಪ್ಪಿದ್ದು ಕುರ್ತಾದಲ್ಲಲ್ಲ

ಚನ್ನಪಟ್ಟಣದ ಅಮೀರುನ್ನೀಸಾ ಹೊಲಿದ ಬಟ್ಟೆಯಲ್ಲಿ ತಪ್ಪು ಹುಡುಕಿದವರಿಲ್ಲ. ಆದರೆ ಹದಿಮೂರರ ಮಗಳು ಅಸ್ರಾಳ ಯೂನಿಫಾರ್ಮ್ ಮಾತ್ರ ಕೈಕೊಡುತ್ತಿತ್ತು. ಕುರ್ತಾದ ಅಂಚು ಒಂದು ಕಡೆ ಮೇಲೆ, ಒಂದು ಕಡೆ ಕೆಳಗೆ. ಮೂರು ಸಲ ಬಿಚ್ಚಿ ಹೊಲಿದ ತಾಯಿ ಕೊನೆಗೆ ಎಡಭುಜಕ್ಕೆ ಪ್ಯಾಡ್ ಇಟ್ಟು, ಸರಿಹೋಯಿತೆಂದು ಬೀಗಿದಳು. ಪಾಪ, ಕತ್ತರಿಯ ಮೇಲೆ ಅವಳಿಗೆ ಅಷ್ಟು ನಂಬಿಕೆ.

ಬ್ಲೌಸಿಗೆ ಅಳತೆ ಕೊಡಲು ಬಂದ ಆಶಾ ಕಾರ್ಯಕರ್ತೆ ಲತಾಮಣಿ ಆ ಪ್ಯಾಡ್ ನೋಡಿ ನಕ್ಕಳು. ಆಮೇಲೆ ಏನೋ ಹೊಳೆದು ಅಸ್ರಾಳನ್ನು ಒಳಗೆ ಕರೆದು, ಬೆನ್ನು ಕಾಣುವಂತೆ ನಿಲ್ಲಿಸಿ, ಕೈ ಜೋಡಿಸಿ ಮುಂದಕ್ಕೆ ಬಗ್ಗಿಸಿದಳು. ಬೆನ್ನಿನ ಬಲಭಾಗ ಉಬ್ಬಿ ನಿಂತಿತು.

"ನಿಮ್ಮ ಅಳತೆ ಸರಿಯಾಗೇ ಐತೆ ಕಣಕ್ಕ. ಮಗೂ ಬೆನ್ನುಮೂಳೆ ಒಸಿ ವಾಲೈತೆ. ಸ್ಕೋಲಿಯೋಸಿಸ್ ಇರಬೌದು."

ಅಮೀರುನ್ನೀಸಾ ಸ್ಕೂಲ್ ಬ್ಯಾಗನ್ನು ಬೈದಳು. ಎಣ್ಣೆ ಹಚ್ಚಿ ನೀವಿಸಿದರೆ ಸರಿಹೋಗುತ್ತದೆ ಎಂದಳು. ಇದು ಬ್ಯಾಗಿನಿಂದ ಬರುವುದೂ ಅಲ್ಲ, ನೀವಿಸಿದರೆ ಹೋಗುವುದೂ ಅಲ್ಲ ಎಂದು ಲತಾಮಣಿ ತಿಳಿಹೇಳಿದಳು.

"ಡಾಕ್ಟ್ರ ಹತ್ರ ಹೋದ್ರೆ ಆಪರೇಷನ್ ಅಂತಾರೆ. ಹೆಣ್ಣುಮಗು ಕಣಮ್ಮ, ನಾಳೆ ಜನ ಏನಂದಾರು?"

"ಬೆಳೆಯೋ ವಯಸ್ಸಲ್ಲೇ ತೋರಿಸಿದ್ರೆ ಎಷ್ಟೋ ಮಕ್ಳಿಗೆ ಆಪರೇಷನ್ನೇ ಬೇಕಾಗಕಿಲ್ಲ. ನಾನೂ ಬತ್ತೀನಿ, ನಡೀರಿ."

ರಾಮನಗರದ ಮೂಳೆ ಡಾಕ್ಟರು ಎಕ್ಸ್‌ರೇ ತೆಗೆಸಿದರು. ಬಾಗು ಇಪ್ಪತ್ತೆಂಟು ಡಿಗ್ರಿ ಇತ್ತು. ಚಿಕ್ಕ ಬಾಗಾಗಿದ್ದರೆ ಆಗಾಗ ಪರೀಕ್ಷಿಸಿದರೆ ಸಾಕಿತ್ತು. ಇದಕ್ಕೆ ಮೈಗೆ ಕಟ್ಟುವ ಗಟ್ಟಿ ಪ್ಲಾಸ್ಟಿಕ್ಕಿನ ಬ್ರೇಸ್ ಬೇಕು, ದಿನಕ್ಕೆ ಹದಿನೆಂಟು ಗಂಟೆ ಹಾಕಬೇಕು, ಜೊತೆಗೆ ಫಿಸಿಯೋಥೆರಪಿಸ್ಟ್ ಕಲಿಸುವ ವ್ಯಾಯಾಮ ಮಾಡಬೇಕು ಎಂದರು. ಬೆನ್ನು ಪೂರ್ತಿ ನೆಟ್ಟಗಾಗುತ್ತದೆ ಎಂದು ಮಾತು ಕೊಡಲಿಲ್ಲ. ಬಾಗು ಹೆಚ್ಚದಂತೆ ತಡೆಯುವುದೇ ಬ್ರೇಸಿನ ಕೆಲಸ ಎಂದು ಬಿಡಿಸಿ ಹೇಳಿದರು.

ಎರಡೇ ದಿನಕ್ಕೆ ಅಸ್ರಾ ಬ್ರೇಸನ್ನು ಮಂಚದ ಮೇಲೆ ಬಿಸಾಡಿದಳು. ಚುಚ್ಚುತ್ತೆ, ಸೆಕೆ, ಎಲ್ಲರೂ ನೋಡುತ್ತಾರೆ ಎಂದು ಅತ್ತಳು. ತಾಯಿ ಗದರಲಿಲ್ಲ. ಒಳಗೆ ಹಾಕಲು ಹೊಲಿಗೆ ಒತ್ತದ ಮೆತ್ತನೆಯ ಬನಿಯನ್ ಮಾಡಿಕೊಟ್ಟಳು, ಕುರ್ತಾಗಳನ್ನು ಸಡಿಲ ಮಾಡಿದಳು. ಶಾಲೆಯಲ್ಲಿ ಗೆಳತಿ ಯಾಸ್ಮಿನ್ ಬ್ರೇಸಿನ ಮೇಲೆ ಬಾಗಿಲು ತಟ್ಟಿದ ಹಾಗೆ ತಟ್ಟಿ, ಒಳಗೆ ಯಾರಿದ್ದೀರಿ ಎಂದು ಕೇಳಿದಾಗ ಅಸ್ರಾಳೇ ಮೊದಲು ನಕ್ಕುಬಿಟ್ಟಳು.

ಹತ್ತು ತಿಂಗಳ ಮೇಲೆ ಮತ್ತೆ ಎಕ್ಸ್‌ರೇ ಆಯಿತು. ಬಾಗು ಹೆಚ್ಚದೆ ಇದ್ದಲ್ಲೇ ನಿಂತಿತ್ತು. ಅಮೀರುನ್ನೀಸಾ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಮನಸಾರೆ ಅತ್ತಳು. ಡಾಕ್ಟರು ಆಟಕ್ಕೆ ಬ್ರೇಸ್ ಬಿಚ್ಚಲು ಒಪ್ಪಿದ್ದರಿಂದ, ಥ್ರೋಬಾಲ್‌ಗೆ ಹೊತ್ತಾಯಿತು ಏಳು ಎಂದು ಮಗಳು ಸೆರಗು ಎಳೆಯುತ್ತಿದ್ದಳು.

ನಿಮ್ಮ ಮನೆಯಲ್ಲೂ ಹತ್ತರಿಂದ ಹದಿನೈದರ ಮಕ್ಕಳಿದ್ದರೆ ಇವತ್ತೇ ಒಮ್ಮೆ ಮುಂದಕ್ಕೆ ಬಗ್ಗಿಸಿ ಬೆನ್ನು ನೋಡಿ. ಭುಜ ಏರುಪೇರಾಗಿದ್ದರೆ, ಬೆನ್ನು ಒಂದು ಕಡೆ ಉಬ್ಬಿದ್ದರೆ ಮುಚ್ಚಿಡಬೇಡಿ, ಮೂಳೆ ಡಾಕ್ಟರಿಗೆ ತೋರಿಸಿ. ಮಕ್ಕಳ ಬೆಳವಣಿಗೆ ನಿಂತ ಮೇಲೆ ಬಾಗು ತಡೆಯಲು ಬ್ರೇಸಿಗೆ ಈ ಅವಕಾಶ ಸಿಗುವುದಿಲ್ಲ.