ಒಂದೇ ಲೋಟದ ಎರಡು ಫೋಟೋ

ಯುದ್ಧ ಶುರುವಾಗಿ ಮೂರನೇ ವಾರ. ಕಿಟಕಿ ಗಾಜಿಗೆ ಅಂಟಿಸಿದ ಕಾಗದದ ಪಟ್ಟಿಗಳ ಸಂದಿಯಿಂದ ಮಧ್ಯಾಹ್ನದ ಬಿಸಿಲು ನಿದ್ದೆಗಣ್ಣಲ್ಲಿ ಒಳಗೆ ಬರುತ್ತಿತ್ತು. ಅತ್ತೆ ಅಡುಗೆಮನೆಯ ನಲ್ಲಿಗೆ ಬಟ್ಟೆ ಸುತ್ತಿ, ಗಂಟು ಬಿಗಿದು, ಪಕ್ಕದಲ್ಲೇ ಕಾವಲು ಕೂತಿದ್ದರು.

ಬೆಳಿಗ್ಗೆ ಅವರ ಫೋನಿಗೆ ಒಂದು ಚಿತ್ರ ಬಂದಿತ್ತು. ಊರಿನ ನೀರಿನ ಟ್ಯಾಂಕಂತೆ, ತುಂಬ ಬಿಳಿ ನೊರೆ. ಶತ್ರುಗಳು ವಿಷ ಬೆರೆಸಿದ್ದಾರೆ, ಎಲ್ಲರಿಗೂ ಕಳಿಸಿ ಎಂದು ಕೆಳಗೆ ಬರೆದಿತ್ತು. ಅತ್ತೆ ಹಿಂದೆಮುಂದೆ ನೋಡದೆ ನಲವತ್ತು ಜನಕ್ಕೆ ಕಳಿಸಿದ್ದರು. ಅಂಗಡಿಯಲ್ಲಿ ಬಾಟಲಿ ನೀರು ಮುಗಿದಿತ್ತು. ಜ್ವರದಲ್ಲಿ ಮಲಗಿದ್ದ ಮೊಮ್ಮಗಳು ಪುಟ್ಟಿ ನೀರು ನೀರು ಎಂದು ಕನವರಿಸುತ್ತಿದ್ದಳು. ಅತ್ತೆ ಮತ್ತೆ ಮತ್ತೆ ನಲ್ಲಿಯ ಕಡೆ ನೋಡುತ್ತಿದ್ದರು. ಗಂಟು ಬಿಚ್ಚಲು ಮಾತ್ರ ಕೈ ಬರಲಿಲ್ಲ.

ಸೊಸೆ ಜಾಹೀರಾತು ಕಂಪನಿಯಲ್ಲಿ ತಿಂಡಿ, ಪಾನೀಯಗಳ ಫೋಟೋ ತೆಗೆಯುವವಳು. ಮನೆಗೆ ಬಂದವಳು ಚಿತ್ರ ನೋಡಿ, ಇದು ಸೋಪಿನ ನೊರೆಯಂತಿದೆ ಎಂದಳು.

"ನಿನ್ನನ್ನ ಹೇಗಮ್ಮ ನಂಬಲಿ? ಇಲ್ಲದ್ದನ್ನ ಇದೆ ಅಂತ ತೋರಿಸೋದೇ ನಿನ್ನ ಕೆಲಸ."

"ಅದಕ್ಕೇ ಅತ್ತೆ, ನನಗೆ ಬೇಗ ಗುರುತು ಸಿಗುತ್ತೆ."

ಪಾತ್ರೆ ತೊಳೆಯಲು ಇಟ್ಟಿದ್ದ ನೀರನ್ನು ಲೋಟಕ್ಕೆ ಬಗ್ಗಿಸಿ, ಸೋಪು ಹಾಕಿ ಕಡೆದಳು. ಬಿಸಿಲಿಗಿಟ್ಟು ಫೋಟೋ ತೆಗೆದರೆ ಆಗ ತಾನೇ ಕರೆದ ಹಾಲು. ಹಿಂದೆ ಕಪ್ಪು ಬಟ್ಟೆ ಹಿಡಿದು ತೆಗೆದರೆ ಸಾಕ್ಷಾತ್ ವಿಷ. ಟೀವಿಯಲ್ಲಿ ಬರುವ ಹಾಲೂ ಇದೇನಾ ಎಂದು ಅತ್ತೆ ಕೇಳಿದರು. ಎಷ್ಟೋ ಸಲ ಇದೇ ಎಂದಳು ಸೊಸೆ. ಇಷ್ಟು ವರ್ಷ ಬಾಯಲ್ಲಿ ನೀರೂರಿಸಿಕೊಂಡು ನೋಡಿದ್ದು ನೆನೆದು ಅತ್ತೆಗೆ ನಗು ಬಂತು.

ಆದರೂ ಪಟ್ಟು ಬಿಡಲಿಲ್ಲ. "ಚಿತ್ರ ಸುಳ್ಳಿರಬಹುದು. ನಮ್ಮ ನೀರು?"

ಸರಿಯಾದ ಪ್ರಶ್ನೆ ಎಂದ ಸೊಸೆ, ನೀರಿನ ಬಿಲ್ಲಿನ ಮೇಲಿದ್ದ ನಂಬರಿಗೆ ಫೋನ್ ಮಾಡಿ ಅತ್ತೆಯ ಕೈಗೇ ಕೊಟ್ಟಳು. ಫೋನೆತ್ತಿದ್ದು ಟ್ಯಾಂಕಿನ ಪಂಪ್ ನಡೆಸುವವನು. ಬೆಳಿಗ್ಗೆಯೇ ನೀರು ಪರೀಕ್ಷೆಯಾಗಿದೆ, ಈಗ ಅದರಲ್ಲೇ ಚಹಾ ಮಾಡಿಕೊಂಡೆ ಎಂದ. ಅತ್ತೆ ನೊರೆಯ ಚಿತ್ರದ ಮಾತೆತ್ತಿದಾಗ ಮೆಲ್ಲಗೆ ಹೇಳಿದ: "ಅಮ್ಮಾ, ನಮ್ಮ ಟ್ಯಾಂಕಿಗೆ ಮುಚ್ಚಳ ಇದೆಯಲ್ಲ. ನೊರೆ ಹೇಗೆ ಕಂಡೀತು?"

ಮೂವತ್ತು ವರ್ಷ ಅದರ ಕೆಳಗೇ ಓಡಾಡಿದವರು ಅತ್ತೆ. ಆ ಬೂದು ಮುಚ್ಚಳ ಕನಸಿನಲ್ಲಿ ಬಂದಂತೆ ಕಣ್ಣ ಮುಂದೆ ಬಂತು.

ಗಂಟು ಬಿಚ್ಚಿದರು. ಮೊದಲು ತಾವೊಂದು ಗುಟುಕು ಕುಡಿದು, ಆಮೇಲೆ ಪುಟ್ಟಿಯ ತುಟಿಗೆ ಲೋಟ ಹಿಡಿದರು. ಅವಳು ಕಣ್ಣು ಮುಚ್ಚಿಕೊಂಡೇ ಗಟಗಟನೆ ಕುಡಿದಳು, ಇನ್ನೂ ಬೇಕೆಂದಳು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು ಫೋನ್ ಹಿಡಿದರು. ನಲವತ್ತು ಮನೆಗಳಿಗೂ ಒಂದೊಂದಾಗಿ ಕರೆ ಮಾಡಿ, ತಪ್ಪು ತಮ್ಮದೆಂದು ಹೇಳಿದರು.

ಸೊಸೆ ಮತ್ತವಳ ಕಂಪನಿಯವರು ಆ ಎರಡು ಫೋಟೋಗಳನ್ನು ಒಟ್ಟಿಗೆ ಅಚ್ಚು ಹಾಕಿಸಿ, ಎರಡೂ ಒಂದೇ ಲೋಟ ಎಂದು ಕೆಳಗೆ ಬರೆದು ಬಸ್ ನಿಲ್ದಾಣಗಳಲ್ಲೆಲ್ಲ ಅಂಟಿಸಿದರು.

ನಾಳೆ ನಿಮ್ಮ ಫೋನಿಗೂ ಅಂಥ ಚಿತ್ರ ಬರಬಹುದು. ಯಾರು ತೆಗೆದದ್ದು, ಎಲ್ಲಿ, ಯಾವಾಗ ಎಂದು ಕೇಳಿ. ನಿಜ ಗೊತ್ತಿರುವವರಿಗೆ ಒಂದು ಫೋನ್ ಮಾಡಿ. ಅಲ್ಲಿಯವರೆಗೂ ಯಾರಿಗೂ ಕಳಿಸಬೇಡಿ. ನೀವು ಕಳಿಸುವ ಮನೆಯಲ್ಲೂ ಬಾಯಾರಿದ ಒಂದು ಮಗು ಇದ್ದೀತು.